ಅಡುಗೆ ಕಟ್ಟೆಯಡಿಯ ಹಿಂದಿನ 10 ಇಂಚು

ಕಾಸರಗೋಡು, ಕುಂಬಳೆ, ಬದಿಯಡ್ಕ ಕಡೆಯ ಅನೇಕ ಮನೆಗಳಲ್ಲಿ ಅಡುಗೆ ಕಟ್ಟೆಯ ಅಡಿಗೆ ಫೆರೋಸಿಮೆಂಟ್ (ತಂತಿಬಲೆಗೆ ಸಿಮೆಂಟ್ ಗಾರೆ ಹಾಕಿ ಮಾಡಿದ ತೆಳು) ಹಲಗೆ ನಿಲ್ಲಿಸಿ, ಮುಂದೆ ಚೌಕಟ್ಟು ಕೂರಿಸಿ ಬಾಗಿಲು ಹಾಕಿರುತ್ತಾರೆ. ಒಳಗೆ ಸುಮಾರು 22 ಇಂಚು ಆಳ. ಬಗ್ಗಿದಾಗ ಕೈಗೆ ಸಲೀಸಾಗಿ ಸಿಗುವುದು ಮುಂದಿನ 12 ಇಂಚು. ಹಿಂದಿನ 10 ಇಂಚಿಗೆ ಹೋದ ಡಬ್ಬ ಮುಂದಿನ ಮಳೆಗಾಲಕ್ಕೆ ಬೂಸು ಹಿಡಿದೇ ಹೊರಬರುತ್ತದೆ. ಹೊಸ ಕಪಾಟು ಮಾಡಿಸುವ ಮೊದಲು ಈ 10 ಇಂಚನ್ನು ಮುಂದಕ್ಕೆ ತನ್ನಿ.

ಮೊದಲು ಎಲ್ಲವನ್ನೂ ಹೊರಗಿಟ್ಟು, ಒರೆಸಿ, ಒಂದು ದಿನ ಬಾಗಿಲು ತೆರೆದಿಡಿ.

ಆಮೇಲೆ ಯಾವ ಖಾನೆಗೆ ಏನು ಎಂದು ಗೊತ್ತುಮಾಡಿ. ಸಿಂಕಿನ ಅಡಿಗೆ ಅಕ್ಕಿ ಬೇಳೆ ಇಡಲೇಬೇಡಿ. ಪೈಪಿನ ಜೋಡಣೆ ಒಂದಲ್ಲ ಒಂದು ದಿನ ಒಸರುತ್ತದೆ. ಗ್ಯಾಸ್ ಸಿಲಿಂಡರ್ ಕಟ್ಟೆಯಡಿಯಲ್ಲಿದ್ದರೆ ಆ ಖಾನೆಯ ಬಾಗಿಲಿನ ಬುಡದಲ್ಲಿ ಗಾಳಿಗಂಡಿ ಬೇಕು, ಏಕೆಂದರೆ ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲೇ ಉಳಿಯುತ್ತದೆ. ಅಲ್ಲಿ ಜಾಗ ಉಳಿಸಲು ಹೋಗಬೇಡಿ. ಮಿಕ್ಕ ಖಾನೆಗಳಿಗೆ ಎಳೆಯುವ ಪೆಟ್ಟಿಗೆ ಹಾಕಿ.

ಕೆಲಸ ಕೆಡುವುದು ಪೆಟ್ಟಿಗೆಯ ಅಗಲದಲ್ಲಿ. ಖಾನೆಯ ಒಳಗೋಡೆಯಿಂದ ಒಳಗೋಡೆಗೆ ಟೇಪು ಹಿಡಿದು ಆಚಾರಿಗೆ ಅಳತೆ ಹೇಳಿದರೆ, ಪೆಟ್ಟಿಗೆ ಒಳಗೇನೋ ಚೆನ್ನಾಗಿ ಕೂರುತ್ತದೆ, ಹೊರಗೆ ಬರುವುದಿಲ್ಲ. ಚೌಕಟ್ಟು ಎರಡೂ ಬದಿಯಲ್ಲಿ ಒಳಕ್ಕೆ ಚಾಚಿರುತ್ತದೆ, ತೆರೆದ ಬಾಗಿಲು ಮತ್ತು ಹಿಂಜಸ್ ಇನ್ನಷ್ಟು ಅಡ್ಡ ಬರುತ್ತವೆ. ಆದ್ದರಿಂದ ಬಾಗಿಲನ್ನು ಪೂರ್ತಿ ತೆರೆದು ಮೇಲೆ, ನಡುವೆ, ಕೆಳಗೆ ಅಳೆಯಿರಿ. ಮೂರರಲ್ಲಿ ಕಿರಿದಾದದ್ದೇ ನಿಮ್ಮ ಅಳತೆ.

ಉದಾಹರಣೆಗೆ, ಒಳಗೆ 450 ಮಿ.ಮೀ., ಚೌಕಟ್ಟಿನ ನಡುವೆ 400 ಎಂದಿಟ್ಟುಕೊಳ್ಳಿ. ಪ್ರತಿ ಬದಿಗೆ 25 ಮಿ.ಮೀ. ಅಡ್ಡ ಬಂತು. 18 ಮತ್ತು 9 ಮಿ.ಮೀ. ಪ್ಲೈವುಡ್ ಸೇರಿಸಿ 27 ಮಿ.ಮೀ. ಪಟ್ಟಿ ಮಾಡಿ ಎರಡೂ ಬದಿಯ ಒಳಗೋಡೆಗೆ ಕೊಡಿ. ಉಳಿದದ್ದು 396. ಪೆಟ್ಟಿಗೆಯನ್ನು ಹೊರಕ್ಕೆ ಜಾರಿಸುವ ಟೆಲಿಸ್ಕೋಪಿಕ್ ಚಾನೆಲ್ ಪ್ರತಿ ಬದಿಗೆ 13 ಮಿ.ಮೀ. ತಿನ್ನುತ್ತದೆ, 26 ಕಳೆದರೆ ಪೆಟ್ಟಿಗೆಯ ಹೊರ ಅಗಲ 370. ಅನುಮಾನವಿದ್ದರೆ 368 ಮಾಡಿಸಿ. ಪೆಟ್ಟಿಗೆ ಕಿರಿದಾದರೆ ಚಾನೆಲಿನ ಹಿಂದೆ ಮೈಕಾ ತುಂಡು ಕೊಟ್ಟು ಸರಿಪಡಿಸಬಹುದು, 2 ಮಿ.ಮೀ. ಹೆಚ್ಚಾದರೂ ಚಾನೆಲ್ ಬಿಗಿಯಾಗಿ ಒಳಗಿನ ಗುಂಡುಗಳು ಉದುರುತ್ತವೆ.

ಚಾನೆಲನ್ನು ನೇರ ಫೆರೋಸಿಮೆಂಟಿಗೆ ಬಡಿಯಬೇಡಿ. ತೆಳು ಹಲಗೆ, ಡ್ರಿಲ್ ಹೊಡೆತಕ್ಕೆ ಅಂಚು ಬಿರಿಯುತ್ತದೆ, ಪ್ಲಗ್ ಸಡಿಲಾಗುತ್ತದೆ. ಪಟ್ಟಿಯನ್ನು ಮೂರು ಕಡೆ ಪ್ಲಗ್ ಹಾಕಿ ನಿಲ್ಲಿಸಿ, ಚಾನೆಲಿನ ಸ್ಕ್ರೂ ಪಟ್ಟಿಗಷ್ಟೇ ಹೋಗಲಿ. ಹಲಗೆ ವಾಲಿದ್ದರೆ ಪಟ್ಟಿಯ ಹಿಂದೆ ಚೂರು ಕೊಟ್ಟು ತೂಕದ ಗುಂಡಿಗೆ ಸರಿಯಾಗಿ ನಿಲ್ಲಿಸಿ. ಎರಡು ಚಾನೆಲುಗಳ ಎತ್ತರವನ್ನು ನೆಲದಿಂದ ಅಳೆಯಬೇಡಿ, ನೆಲಕ್ಕೆ ಇಳಿಜಾರಿರುತ್ತದೆ. ಲೆವೆಲ್ ಟ್ಯೂಬಿನಲ್ಲಿ ನೀರು ತೋರಿಸಿದ ಗೆರೆಯನ್ನೇ ನಂಬಿ. ಚಾನೆಲಿನಲ್ಲಿ ಉದ್ದ ತೂತೂ ಇದೆ, ದುಂಡು ತೂತೂ ಇದೆ. ಮೊದಲು ಉದ್ದ ತೂತಿಗೆ ಮಾತ್ರ ಸ್ಕ್ರೂ ಹಾಕಿ, ಎಳೆದು ನೋಡಿ, ಮೇಲೆ ಕೆಳಗೆ ಸರಿಸಿ ಹೊಂದಿಸಿ. ದುಂಡು ತೂತು ಕೊನೆಗೆ.

ಚಾನೆಲ್ 20 ಇಂಚಿನದು, 45 ಕೆ.ಜಿ. ತಡೆಯುವುದು ಇರಲಿ. ಹಿಂದೆ ಉಳಿಯುವ ಎರಡು ಇಂಚು ಗೋಡೆಯ ತಂಪಿಗೆ ಬೇಕು. ಕೆಂಪುಕಲ್ಲಿನ ಗೋಡೆ ಆಟಿಯಲ್ಲಿ (ಜೋರು ಮಳೆಯ ತುಳು ತಿಂಗಳಲ್ಲಿ) ಬೆವರುತ್ತದೆ, ಪ್ಲೈವುಡ್ ಅದಕ್ಕೆ ತಾಗಬಾರದು. ಪ್ಲೈವುಡ್ ಮೇಲೆ ಐಎಸ್ 710 (ಮೆರೈನ್ ಪ್ಲೈವುಡ್ಡಿನ ಮಾನಕ) ಮುದ್ರೆ ನೋಡಿ ತನ್ನಿ. ಐಎಸ್ 303ರ ಎಂಆರ್ (ಬರೀ ತೇವ ತಡೆಯುವ) ದರ್ಜೆ ಅಗ್ಗ, ಆದರೆ ನಮ್ಮ ಮಳೆಗೆ ಪದರ ಬಿಡುತ್ತದೆ. ಕ್ರೋಮ್ ಬಳಿದ ತಂತಿ ಬುಟ್ಟಿಯೂ ಬೇಡ. ಕಡಲ ಗಾಳಿಗೆ ಬೆಸುಗೆಯ ಜಾಗದಿಂದಲೇ ತುಕ್ಕು ಶುರು, ಲೋಟ ನಿಲ್ಲುವುದೂ ಇಲ್ಲ. ತಳಕ್ಕೆ 9 ಮಿ.ಮೀ. ಹಲಗೆಯ ಪೆಟ್ಟಿಗೆಯಾದರೆ ಕುಚ್ಚಿಲಕ್ಕಿಯ ಡಬ್ಬ, ತೆಂಗಿನೆಣ್ಣೆಯ ಕ್ಯಾನ್ ಎರಡೂ ನಿಶ್ಚಿಂತೆ.

ಮೂಲೆಗೆ ತಿರುಗುವ ತಟ್ಟೆ ಹಾಕಿ ಎಂದು ಅಂಗಡಿಯವರು ಒತ್ತಾಯಿಸುತ್ತಾರೆ. ಚೌಕದೊಳಗೆ ವೃತ್ತ ಕೂರಿಸಿದರೆ ಐದನೇ ಒಂದು ಪಾಲಿಗಿಂತ ಹೆಚ್ಚು ಜಾಗ ಹಾಗೇ ಹೋಗುತ್ತದೆ. ಮೂಲೆಯನ್ನು ಬರಿದಾಗಿ ಬಿಟ್ಟು, ಹಬ್ಬಕ್ಕೆ ಮಾತ್ರ ಇಳಿಸುವ ಚರಿಗೆ, ದೊಡ್ಡ ಬಾಣಲೆ ಅಲ್ಲಿಡಿ.

ಕಾವಲಿ, ಮುಚ್ಚಳ, ಹರಿವಾಣಗಳನ್ನು ಒಂದರ ಮೇಲೊಂದು ಪೇರಿಸುವ ಬದಲು ಕಿರಿದಾದ ಖಾನೆಯಲ್ಲಿ ಎರಡೂವರೆ ಇಂಚಿಗೊಂದು ಅಡ್ಡಹಲಗೆ ಕೊಟ್ಟು ನಿಲ್ಲಿಸಿ.

ಎಲ್ಲ ತುಂಬಿಸಿ ವಾರ ಕಳೆದ ಮೇಲೆ ಪೆಟ್ಟಿಗೆಯ ಬದಿಗಳನ್ನು ಟಾರ್ಚ್ ಬಿಟ್ಟು ನೋಡಿ. ಉಜ್ಜಿದ ಗೆರೆ ಕಂಡ ಬದಿಯ ಚಾನೆಲ್ ಭಾರಕ್ಕೆ ಇಳಿದಿರುತ್ತದೆ. ಪೆಟ್ಟಿಗೆ ಖಾಲಿ ಮಾಡಿ, ಉದ್ದ ತೂತಿನ ಸ್ಕ್ರೂ ಸಡಿಲಿಸಿ, ದುಂಡು ತೂತಿನದನ್ನು ತೆಗೆದು, ಚಾನೆಲನ್ನು ಲೆವೆಲ್ ಟ್ಯೂಬಿನ ಗೆರೆಗೆ ಎತ್ತಿ ಮತ್ತೆ ಬಿಗಿಯಿರಿ.