ಮಾರುವವರೇ ಗಮನಿಸದ ನಾಣ್ಯ ಹುಡುಕೋದು ಹೇಗೆ

ಅಪರೂಪದ ನಾಣ್ಯ ಬೇಕೆಂದು ಆನ್‌ಲೈನ್‌ನಲ್ಲಿ ‘ಡಬಲ್ ಡೈ’ (ಅಚ್ಚಿನಲ್ಲೇ ಅಕ್ಷರ, ಅಂಕೆ ಎರಡೆರಡಾಗಿ ಮೂಡಿದ್ದು), ‘ಎರರ್’ (ತಪ್ಪಾಗಿ ಟಂಕಿಸಿದ್ದು) ಅಂತ ಹುಡುಕಬೇಡಿ. ಆ ಹೆಸರು ಹಾಕಿದವರಿಗೆ ಅದರ ಬೆಲೆಯೂ ಗೊತ್ತಿರುತ್ತದೆ. ಬರೀ ಇಸವಿ, ಮುಖಬೆಲೆ ಹಾಕಿ. ಹತ್ತಿಪ್ಪತ್ತು ನಾಣ್ಯ ಒಟ್ಟಿಗೆ ಮಾರುವ ಲಾಟ್‌ಗಳ ಫೋಟೋ ದೊಡ್ಡದು ಮಾಡಿ, ಒಂದೊಂದಾಗಿ ನೋಡಿ. ನನ್ನ ಪ್ರಕಾರ ಒಳ್ಳೆಯದು ಸಿಗುವುದು ಅಲ್ಲೇ.

ಆದರೆ ಮೊದಲು ಒಂದೇ ಒಂದು ಪ್ರಭೇದದ ಗುರುತು ಕಣ್ಣಿಗೆ ಚೆನ್ನಾಗಿ ಕೂರಬೇಕು. ಅಮೆರಿಕದ 1955ರ ಒಂದು ಸೆಂಟ್ ತಗೊಳ್ಳಿ. ಅಸಲಿ ಡಬಲ್ ಡೈನಲ್ಲಿ ಇಸವಿಯ ಜೊತೆ ‘ಲಿಬರ್ಟಿ’ ಪದವೂ ಸ್ಪಷ್ಟವಾಗಿ ಎರಡೆರಡಾಗಿ ಕಾಣುತ್ತದೆ. ಕೊನೆಯ 5 ಮಾತ್ರ ಎರಡಾಗಿದ್ದರೆ ಅದು ಅಚ್ಚು ಸವೆದದ್ದರ ಗುರುತು, ಆಸೆಪಟ್ಟು ಕೊಳ್ಳಬೇಡಿ. ಅಕ್ಷರದ ಪಕ್ಕ ಚಪ್ಪಟೆ ಮೆಟ್ಟಿಲಿನಂಥ ಅಂಚು ಕಂಡರೆ ಅದೂ ಬೇಡ, ಟಂಕಿಸುವಾಗ ಅಚ್ಚು ಅಲುಗಿದ್ದಷ್ಟೇ. ನಿಜವಾದ ಡಬಲ್ ಡೈನಲ್ಲಿ ಎರಡನೇ ಅಕ್ಷರವೂ ದುಂಡಗೆ ಉಬ್ಬಿರುತ್ತದೆ, ತುದಿಗಳು ಸೀಳಿದಂತಿರುತ್ತವೆ.

ಫೋಟೋ ಮಸುಕಾಗಿದ್ದರೆ, ಓರೆ ಬೆಳಕಿನಲ್ಲಿ ಇಸವಿಯ ಹತ್ತಿರದ ಚಿತ್ರ ಕೇಳಿ. ತೂಕವನ್ನೂ ಕೇಳಿ: 1982ರ ಅಮೆರಿಕನ್ ಸೆಂಟ್ ತಾಮ್ರದ್ದಾದರೆ 3.11 ಗ್ರಾಂ, ಸತುವಿನದಾದರೆ 2.5 ಗ್ರಾಂ. ಇದು ಚಿತ್ರದಲ್ಲಿ ಎಷ್ಟು ನೋಡಿದರೂ ತಿಳಿಯುವುದಿಲ್ಲ.