ತೋಟದ ರೈಲಿಗೆ ಸೆಕೆಂಡ್ ಹ್ಯಾಂಡ್ ಹಳಿ: ಕೊಳ್ಳುವಾಗ ಏನು ನೋಡಬೇಕು, ಮಾರುವಾಗ ಏನು ಹೇಳಬೇಕು

ತೋಟದಲ್ಲಿ ಮಾಡೆಲ್ ರೈಲು ಓಡಿಸಬೇಕು ಅಂತ ಹೊರಟವರ ಜೇಬು ಖಾಲಿ ಮಾಡುವುದು ಎಂಜಿನ್ ಅಲ್ಲ, ಹಳಿ. ಎಂಜಿನ್ ಒಂದು ಸಲ ಕೊಂಡರೆ ಮುಗಿಯಿತು. ಹಳಿ ಮೀಟರ್‌ಗಟ್ಟಲೆ ಬೇಕು, ಅದೂ ಗಟ್ಟಿ ಹಿತ್ತಾಳೆಯದು. ಅದಕ್ಕೇ ಬಹಳಷ್ಟು ಜನ ಹಳೆ ಹಳಿ ಹುಡುಕುತ್ತಾರೆ. ಒಳ್ಳೆಯ ಯೋಚನೆಯೇ, ಯಾಕಂದ್ರೆ ಹಿತ್ತಾಳೆ ಕಂಬಿ ವರ್ಷಗಟ್ಟಲೆ ಮಳೆ ಬಿಸಿಲಲ್ಲಿ ಬಿದ್ದಿದ್ದರೂ ಸುಲಭಕ್ಕೆ ಹಾಳಾಗುವುದಿಲ್ಲ. ಹಾಳಾಗುವುದು ಅದರ ಜೊತೆಗಿರುವ ಪ್ಲಾಸ್ಟಿಕ್ ಸ್ಲೀಪರ್ (ಕಂಬಿಗಳ ಕೆಳಗಿನ ಅಡ್ಡಪಟ್ಟಿ), ಜಾಯಿನರ್ (ಎರಡು ತುಂಡು ಹಳಿ ಸೇರಿಸುವ ಲೋಹದ ಪಟ್ಟಿ), ಪಾಯಿಂಟ್‌ನ (ಒಂದು ಹಳಿ ಎರಡಾಗಿ ಕವಲೊಡೆಯುವ ತುಂಡಿನ) ಮೋಟಾರು. ಕೊಳ್ಳುವವರು ಕಣ್ಣಿಡಬೇಕಾದದ್ದು ಅಲ್ಲಿ.

ಮೊದಲು ಗೇಜ್ ಕೇಳಿ. ತೋಟದ ರೈಲುಗಳಲ್ಲಿ ಜಾಸ್ತಿ ಕಾಣುವುದು 45 ಮಿಲಿಮೀಟರ್ ಗೇಜ್, ಅಂದರೆ ಎರಡು ಕಂಬಿಗಳ ಒಳ ಅಂಚಿನ ನಡುವಿನ ಅಂತರ 45 ಮಿಮೀ. 1968ರಲ್ಲಿ ಎಲ್‌ಜಿಬಿ ಎಂಬ ಜರ್ಮನಿಯ ಮಾಡೆಲ್ ರೈಲು ಬ್ರಾಂಡ್ ಶುರುವಾದಾಗಿನಿಂದ ಎಲ್ಲರೂ 'ಜಿ' ಅಂತ ಕರೆಯುವುದು ಇದನ್ನೇ. 32 ಮಿಮೀ ಹಳಿಯೂ ಇದೆ, ಸಣ್ಣ ಸ್ಟೀಮ್ ಎಂಜಿನ್ ಓಡಿಸುವವರು ಅದನ್ನು ಬಹಳ ಬಳಸುತ್ತಾರೆ. ಫೋಟೋದಲ್ಲಿ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಆದ್ದರಿಂದ ಅಳತೆಪಟ್ಟಿ ಇಟ್ಟು ತೆಗೆದ ಫೋಟೋ ಕಳಿಸಿ ಅನ್ನಿ.

ಆಮೇಲೆ ಕೋಡ್. ಇದು ಕಂಬಿಯ ಎತ್ತರ, ಇಂಚಿನ ಸಾವಿರದ ಲೆಕ್ಕದಲ್ಲಿ. ಕೋಡ್ 332 ಅಂದರೆ 0.332 ಇಂಚು, ಸುಮಾರು 8.4 ಮಿಮೀ, ಎಲ್‌ಜಿಬಿ, ಪೀಕೋ (Piko), ಅರಿಸ್ಟೋಕ್ರಾಫ್ಟ್ ಬ್ರಾಂಡಿನ ಹಳಿಗಳೆಲ್ಲ ಇದೇ ಗುಂಪು. ಪೆಕೊ (Peco) ಬೇರೆಯೇ ಕಂಪನಿ, ಅದರ 45 ಮಿಮೀ ಹಳಿ ಕೋಡ್ 250, ಅವರದೇ 32 ಮಿಮೀ ಹಳಿ ಕೋಡ್ 200. ಗೇಜ್ ಒಂದೇ ಇದ್ದು ಕೋಡ್ ಬೇರೆಯಾದರೆ ರೈಲು ಓಡುತ್ತದೆ, ಆದರೆ ಸೇರಿಸುವ ಕಡೆ ಮಟ್ಟ ಹೊಂದಿಸುವ ವಿಶೇಷ ಜಾಯಿನರ್ ಬೇಕಾಗುತ್ತದೆ. ಒಂದೆರಡು ಕಡೆ ಅಂದರೆ ಪರವಾಗಿಲ್ಲ, ಇಡೀ ಲೈನೇ ಕಲಬೆರಕೆ ಆದರೆ ತಲೆನೋವು.

ಲೋಹ ನೋಡಲು ಜೇಬಲ್ಲಿ ಒಂದು ಅಯಸ್ಕಾಂತ ಇರಲಿ. ಹಿತ್ತಾಳೆಗೆ ಅದು ಅಂಟುವುದಿಲ್ಲ. ಅಂಟಿತು ಅಂದರೆ ಕಬ್ಬಿಣದ ತಗಡು ಮಡಚಿ ಮಾಡಿದ ಟೊಳ್ಳು ಕಂಬಿ ಇರಬಹುದು, ಕೆಲವು ಅಗ್ಗದ ಸ್ಟಾರ್ಟರ್ ಸೆಟ್‌ಗಳ ಜೊತೆ ಬರುವಂಥದ್ದು. ಮನೆಯೊಳಗೆ ಆಟಕ್ಕೆ ಸರಿ, ತೋಟದಲ್ಲಿಟ್ಟರೆ ತುಕ್ಕು ಗ್ಯಾರಂಟಿ. ಬೆಳ್ಳಗೆ ಹಗುರವಾಗಿದ್ದರೆ ಅಲ್ಯೂಮಿನಿಯಂ. ಬ್ಯಾಟರಿ ಅಥವಾ ಸ್ಟೀಮ್ ಎಂಜಿನ್ ಓಡಿಸುವವರು ಇದನ್ನು ಕಣ್ಣು ಮುಚ್ಚಿ ಕೊಳ್ಳಬಹುದು, ಬೆಲೆಯೂ ಕಡಿಮೆ. ಹಳಿಯಲ್ಲಿ ಕರೆಂಟ್ ಹರಿಸುವವರು ಮಾತ್ರ ಬಿಟ್ಟುಬಿಡಿ, ಮೇಲೆ ಕಟ್ಟುವ ಆಕ್ಸೈಡ್ ಪೊರೆ ಕರೆಂಟ್ ತಡೆಯುತ್ತದೆ, ಬೆಸುಗೆಯೂ ಸುಲಭಕ್ಕೆ ಹಿಡಿಯುವುದಿಲ್ಲ.

ಹಿತ್ತಾಳೆ ಕಂದು ಬಣ್ಣಕ್ಕೆ ತಿರುಗಿದೆ ಅಂತ ಹಿಂಜರಿಯಬೇಡಿ. ಅದು ಬರೀ ಮೇಲಿನ ಬಣ್ಣ, ತಲೆಭಾಗ ಉಜ್ಜಿದರೆ ಆಯಿತು. ಚೌಕಾಸಿ ಮಾಡಲು ಮಾತ್ರ ಒಳ್ಳೆ ನೆಪ!

ಸ್ಲೀಪರ್ ವಿಷಯಕ್ಕೆ ಬಂದರೆ ಒಂದರ ತುದಿಯನ್ನು ಬೆರಳಲ್ಲಿ ಹಿಡಿದು ಸ್ವಲ್ಪ ಬಗ್ಗಿಸಿ. ಬಾಗಿ ವಾಪಸ್ ಬಂದರೆ ಚೆನ್ನಾಗಿದೆ. ಪಟ್ ಅಂತ ಮುರಿದರೆ ಬಿಸಿಲು ಅದರ ಜೀವ ತಿಂದಿದೆ, ಉಳಿದವೂ ಹಾಗೇ ಇರುತ್ತವೆ. ಮೇಲ್ಮೈ ಬೂದಿ ಬಣ್ಣಕ್ಕೆ ತಿರುಗಿ ಕೈಗೆ ಪುಡಿ ಅಂಟುವುದೂ ಅದೇ ಲಕ್ಷಣ. ಕಂಬಿಯ ಪಾದ ಹಿಡಿದಿರುವ ಪುಟ್ಟ ಕೊಕ್ಕೆಗಳನ್ನೂ ನೋಡಿ. ಅವು ಸಾಲಾಗಿ ಮುರಿದಿದ್ದರೆ ಗೇಜ್ ಅಗಲವಾಗಿ ಗಾಡಿ ಕೆಳಗೆ ಬೀಳುತ್ತದೆ.

ಈಗ ಮುಖ್ಯ ವಿಷಯ. ಸೆಕೆಂಡ್ ಹ್ಯಾಂಡ್ ರಾಶಿಗಳಲ್ಲಿ ಜಾಸ್ತಿ ಸಿಗುವುದು ಆರ್1 ಕರ್ವ್, 60 ಸೆಂಟಿಮೀಟರ್ ತ್ರಿಜ್ಯದ್ದು. ಸ್ಟಾರ್ಟರ್ ಸೆಟ್ ಕೊಂಡವರಿಗೆ ಸಾಮಾನ್ಯವಾಗಿ ಇದರ 12 ತುಂಡು ಬರುತ್ತವೆ, ಒಂದೊಂದು 30 ಡಿಗ್ರಿ, ಸೇರಿಸಿದರೆ ಒಂದು ವೃತ್ತ. ಸ್ವಲ್ಪ ದಿನಕ್ಕೆ ಉದ್ದನೆಯ ಎಂಜಿನ್ ಮೇಲೆ ಆಸೆಯಾಗುತ್ತದೆ, ಆ ಎಂಜಿನ್ ಇಷ್ಟು ಬಿಗಿ ತಿರುವಿನಲ್ಲಿ ತಿರುಗುವುದಿಲ್ಲ, ಆರ್1 ಮಾರಾಟಕ್ಕೆ ಬರುತ್ತದೆ. ಎಲ್ಲರೂ ಮಾರುವವರೇ, ಕೊಳ್ಳುವವರು ಕಡಿಮೆ. ಎಲ್ಲರಿಗೂ ಬೇಕಾಗಿರುವುದು ಆರ್3 ಮತ್ತು ಅದಕ್ಕಿಂತ ದೊಡ್ಡ ಕರ್ವ್, ಉದ್ದನೆಯ ನೇರ ಹಳಿ. 'ಇಷ್ಟು ಮೀಟರ್ ಹಳಿ, ಇಷ್ಟು ಬೆಲೆ' ಅಂತ ಒಟ್ಟಾಗಿ ಹೇಳಿದಾಗ ಅದರಲ್ಲಿ ಎಷ್ಟು ಆರ್1 ಅಂತ ಕೇಳಲೇಬೇಕು. ಅರ್ಧಕ್ಕಿಂತ ಹೆಚ್ಚು ಅದೇ ಆಗಿದ್ದರೆ ನಿಮಗೆ ನಿಜವಾಗಿ ಬೇಕಾದ ತುಂಡುಗಳನ್ನಷ್ಟೇ ಲೆಕ್ಕ ಹಾಕಿ ಬೆಲೆ ಕಟ್ಟಿ, ಉಳಿದದ್ದು ಉಚಿತ ಅಂದುಕೊಳ್ಳಿ.

ನೇರ ಹಳಿಯಲ್ಲೂ ಉದ್ದ ಮುಖ್ಯ. 30 ಮೀಟರ್ ಲೈನನ್ನು 30 ಸೆಂಟಿಮೀಟರ್ ತುಂಡುಗಳಲ್ಲಿ ಹಾಕಿದರೆ ನೂರರ ಹತ್ತಿರ ಜೋಡಣೆ, 1.2 ಮೀಟರ್ ತುಂಡುಗಳಾದರೆ 25ರ ಹತ್ತಿರ. ಕರೆಂಟ್ ಕೈಕೊಡುವುದು ಜೋಡಣೆಗಳಲ್ಲೇ ಅಲ್ವಾ? ಉದ್ದ ತುಂಡಿಗೆ ಮೀಟರ್ ಲೆಕ್ಕದಲ್ಲಿ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ ಅಂತಲೇ ನನ್ನ ಅಭಿಪ್ರಾಯ.

ಪಾಯಿಂಟ್‌ಗಳನ್ನು ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬೇಡಿ, ಅಥವಾ ಮಾರುವವರಿಂದ ವಿಡಿಯೋ ಕೇಳಿ. ಬ್ಲೇಡ್, ಅಂದರೆ ದಾರಿ ಬದಲಿಸಲು ಸರಿಯುವ ಚೂಪು ಕಂಬಿ, ಎರಡೂ ಕಡೆಗೆ ಹೊರಳಿಸಿದಾಗಲೂ ಪಕ್ಕದ ಕಂಬಿಗೆ ಪೂರ್ತಿ ಅಂಟಿಕೊಳ್ಳಬೇಕು. ಸಣ್ಣ ಸಂದು ಉಳಿದರೂ ಚಕ್ರ ಅಲ್ಲೇ ನುಗ್ಗುತ್ತದೆ. ಎಲ್‌ಜಿಬಿ ಮೋಟಾರ್ ಎರಡು ವೈರಿನದು, ಪ್ಲಸ್ ಮೈನಸ್ ಅದಲುಬದಲು ಮಾಡಿದರೆ ಆ ಕಡೆಯಿಂದ ಈ ಕಡೆಗೆ ಹೊರಳಬೇಕು. ಕರೆಂಟನ್ನು ಕ್ಷಣ ಮಾತ್ರ ಕೊಡಿ, ಹಿಡಿದುಕೊಂಡೇ ಇದ್ದರೆ ಕಾಯಿಲ್ ಸುಟ್ಟುಹೋಗಬಹುದು. ಸದ್ದೇ ಇಲ್ಲದಿದ್ದರೆ ಒಳಗೆ ನೀರು ಹೋಗಿರಬಹುದು. ಮೋಟಾರಿಲ್ಲದ ಪಾಯಿಂಟ್‌ನ ಬೆಲೆ ಕೊಡಿ, ಅಷ್ಟೇ.

ಇನ್ನು ಮಾರುವವರಿಗೆ. ಎಲ್ಲ ಸೇರಿಸಿ ಒಂದೇ ಲಾಟ್ ಮಾಡಿದರೆ ಕೆಲಸ ಸುಲಭ, ದುಡ್ಡು ಕಡಿಮೆ. ಬ್ರಾಂಡ್, ಉದ್ದ, ತ್ರಿಜ್ಯ ನೋಡಿ ಬೇರೆ ಬೇರೆ ಕಟ್ಟು ಮಾಡಿ, ಪಾಯಿಂಟ್‌ಗಳನ್ನು ಒಂದೊಂದಾಗಿ ಮಾರಿ. ಆರ್1 ಇದ್ದರೆ 12ರ ಪೂರ್ತಿ ವೃತ್ತವಾಗಿ ಹಾಕಿ, ಹೊಸಬರು ಅಥವಾ ಮಕ್ಕಳಿಗೆ ಕೊಡಿಸುವವರು ಕೊಳ್ಳುತ್ತಾರೆ. ಬಿಡಿ ಏಳೆಂಟು ತುಂಡು ಯಾರಿಗೂ ಬೇಡ.

ಪೂರ್ತಿ ಪಾಲಿಶ್ ಮಾಡಲು ಹೋಗಬೇಡಿ. ಮಣ್ಣು, ಪಾಚಿ ಹೋಗುವ ಹಾಗೆ ಸೋಪಿನ ನೀರಲ್ಲಿ ತೊಳೆದು ಒಣಗಿಸಿದರೆ ಸಾಕು. ಒಂದು ತುಂಡನ್ನು ಮಾತ್ರ ಉಜ್ಜಿ ಹೊಳೆಯಿಸಿ, ಮಿಕ್ಕಿದ್ದರ ಪಕ್ಕ ಇಟ್ಟು ಫೋಟೋ ತೆಗೆಯಿರಿ. ಒರಟು ಮರಳು ಕಾಗದ ಬೇಡ, ಗೀರುಗಳಲ್ಲಿ ಕೊಳೆ ಕೂರುತ್ತದೆ, ನಿಕಲ್ ಲೇಪನ ಇರುವ ಹಳಿಯಾದರೆ ಲೇಪನವೇ ಎದ್ದುಹೋಗುತ್ತದೆ. ಅಮೋನಿಯಾ ಇರುವ ಕ್ಲೀನರ್ ಕೂಡ ಬೇಡ, ಹಿತ್ತಾಳೆಯಲ್ಲಿ ಬಿರುಕು ಬಿಡಿಸುವ ಗುಣ ಅದಕ್ಕಿದೆ.

ಜಾಹೀರಾತಿನಲ್ಲಿ ಕೋಡ್, ಲೋಹ, ಎಷ್ಟು ತುಂಡು, ಒಟ್ಟು ಎಷ್ಟು ಮೀಟರ್, ಹೊರಗಿತ್ತೋ ಒಳಗಿತ್ತೋ, ಎಷ್ಟು ತುಂಡಿಗೆ ಜಾಯಿನರ್ ಇಲ್ಲ, ಯಾವುದನ್ನಾದರೂ ಗರಗಸದಲ್ಲಿ ಕತ್ತರಿಸಿದೆಯಾ, ತುದಿಗೆ ವೈರ್ ಬೆಸುಗೆ ಹಾಕಿದೆಯಾ, ಎಲ್ಲ ಬರೆದುಬಿಡಿ. ತಳಭಾಗದ ಫೋಟೋ ಒಂದಿರಲಿ, ಕೇಳುವವರು ಕೇಳಿಯೇ ಕೇಳುತ್ತಾರೆ. ಬೆಲೆ ಗೊತ್ತಾಗದಿದ್ದರೆ ಅದೇ ಹಳಿಯ ಹೊಸ ಬೆಲೆಯನ್ನು ಮೀಟರ್‌ಗೆ ಇಳಿಸಿ ಅಲ್ಲಿಂದ ಕೆಳಗೆ ಬನ್ನಿ. ತೂಕಕ್ಕೆ ಹಾಕಿದರೆ ಗುಜರಿಯವರು ಹಿತ್ತಾಳೆಗೆ ಎಷ್ಟು ಕೊಡುತ್ತಾರೋ ಅದಕ್ಕಿಂತ ಕೆಳಗೆ ಇಳಿಯಬೇಡಿ. ಸ್ಲೀಪರ್ ಪೂರ್ತಿ ಹೋದ ಹಳಿಗೂ ಆ ಬೆಲೆ ಇದ್ದೇ ಇರುತ್ತದೆ, ಹೊಸ ಸ್ಲೀಪರ್ ಪಟ್ಟಿ ಬೇರೆಯಾಗಿ ಸಿಗುವುದರಿಂದ ಬರೀ ಕಂಬಿ ಕೊಳ್ಳುವವರೂ ಇದ್ದಾರೆ.

ಕಳಿಸುವಾಗ ತೂಕ ನೆನಪಿರಲಿ, ಹಿತ್ತಾಳೆ ಭಾರ, ಸಾಗಣೆ ಖರ್ಚು ಯಾರದ್ದು ಅಂತ ಮೊದಲೇ ಮಾತಾಡಿಕೊಳ್ಳಿ. ಎರಡೆರಡು ಹಳಿಗಳನ್ನು ಮುಖಾಮುಖಿ ಇಟ್ಟು ಕಟ್ಟಿ. ಚೂಪು ತುದಿ ರಟ್ಟು ಹರಿದು ಹೊರಗೆ ಬರುತ್ತದೆ, ಅದಕ್ಕೆ ಎರಡೂ ಕೊನೆಗೆ ದಪ್ಪ ರಟ್ಟು ಮಡಚಿ ಟೇಪ್ ಸುತ್ತಿ. ಒಂದು ದೊಡ್ಡ ಪೆಟ್ಟಿಗೆಗಿಂತ ಎರಡು ಸಣ್ಣವು ವಾಸಿ. ಬಿಡಿ ಜಾಯಿನರ್, ಸ್ಕ್ರೂ ಎಲ್ಲವನ್ನೂ ಜಿಪ್ ಕವರ್‌ಗೆ ಹಾಕಿ ಹಳಿಗೇ ಕಟ್ಟಿಬಿಡಿ. ಅರಿಸ್ಟೋಕ್ರಾಫ್ಟ್ ಹಳಿಯ ಜಾಯಿನರ್ ಸ್ಕ್ರೂ ತೀರಾ ಚಿಕ್ಕದು, ಕಳೆದರೆ ಅಳತೆಗೆ ಸರಿಯಾದದ್ದು ಹುಡುಕಿ ಸಾಕಾಗುತ್ತದೆ.