ಸರ್ಕಾರಿ ಗುತ್ತಿಗೆ ಸಂಸ್ಥೆಯನ್ನು ಕೊಳ್ಳುವ ಮುನ್ನ ಬಿಚ್ಚಿ ನೋಡಬೇಕಾದ ಕಡತಗಳು

ಲೋಕೋಪಯೋಗಿ ಅಥವಾ ಜಲಸಂಪನ್ಮೂಲ ಇಲಾಖೆಯ ಕಾಮಗಾರಿಗಳನ್ನು ಮಾಡುವ ಸಂಸ್ಥೆಯೊಂದನ್ನು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಅದರ ಟಿಪ್ಪರ್, ಜೆಸಿಬಿ, ಬ್ಯಾಚಿಂಗ್ ಪ್ಲಾಂಟ್‌ಗಳನ್ನು ನೋಡಲು ಹೋಗುತ್ತಾರೆ. ಯಂತ್ರಗಳು ಬೇರೆಡೆಯೂ ಸಿಗುತ್ತವೆ. ಇಂಥ ಸಂಸ್ಥೆಗೆ ಹೆಚ್ಚಿನ ಬೆಲೆ ಬರುವುದು ನೋಂದಣಿಯ ದರ್ಜೆ, ವಾರ್ಷಿಕ ವಹಿವಾಟು ಮತ್ತು ಮುಗಿಸಿದ ಕಾಮಗಾರಿಗಳ ಪ್ರಮಾಣಪತ್ರಗಳಿಂದ ಕೂಡಿದ ಟೆಂಡರ್ ಅರ್ಹತೆಯಿಂದ. ಆದ್ದರಿಂದ ಮಾಲೀಕರು ಬದಲಾದ ಮೇಲೂ ಆ ಅರ್ಹತೆ ಉಳಿಯುತ್ತದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ಇತ್ಯರ್ಥ ಮಾಡಿಕೊಳ್ಳಬೇಕು.

ಇದಕ್ಕೆ ಉತ್ತರ ಸಂಸ್ಥೆಯ ಕಾನೂನು ರೂಪದಲ್ಲಿದೆ. ಕರ್ನಾಟಕದ ಬಹುಪಾಲು ಸಣ್ಣ ಗುತ್ತಿಗೆದಾರರು ಏಕಮಾಲೀಕತ್ವದಲ್ಲಿ ವ್ಯವಹರಿಸುತ್ತಾರೆ. ಅಲ್ಲಿ ಗುತ್ತಿಗೆದಾರ ಪರವಾನಗಿ ವ್ಯಕ್ತಿಯ ಹೆಸರಿನಲ್ಲಿರುವುದರಿಂದ ವ್ಯವಹಾರವನ್ನು ಕೊಂಡರೂ ಪರವಾನಗಿ ಕೈಗೆ ಬರುವುದಿಲ್ಲ. ಪಾಲುದಾರಿಕೆಯಾದರೆ ಪಾಲುದಾರರ ಬದಲಾವಣೆಗೆ ನೋಂದಣಿ ಪ್ರಾಧಿಕಾರ ಮತ್ತು ಟೆಂಡರ್ ದಸ್ತಾವೇಜು ಏನು ಹೇಳುತ್ತವೆ ಎಂಬುದನ್ನು ಓದಬೇಕು. ಖಾಸಗಿ ಕಂಪನಿಯ ಷೇರುಗಳನ್ನು ಕೊಂಡಾಗ ಮಾತ್ರ ಗುತ್ತಿಗೆಗೆ ಸಹಿ ಹಾಕಿದ ಕಾನೂನು ವ್ಯಕ್ತಿ ಬದಲಾಗದೆ ಉಳಿಯುತ್ತದೆ. ಹಾಗಿದ್ದರೂ ಇಲಾಖೆಯ ಲಿಖಿತ ಒಪ್ಪಿಗೆಯಿಲ್ಲದೆ ಗುತ್ತಿಗೆಯನ್ನು ವರ್ಗಾಯಿಸಬಾರದೆಂಬ ಷರತ್ತು ಒಡೆತನದ ಬದಲಾವಣೆಗೂ ಅನ್ವಯಿಸುತ್ತದೆಯೇ ಎಂದು ಪ್ರತಿಯೊಂದು ಕರಾರಿನಲ್ಲೂ ಪ್ರತ್ಯೇಕವಾಗಿ ನೋಡಬೇಕು. ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಗಾಗಿ ಇರುವ ಕರ್ನಾಟಕದ ಕೆಟಿಪಿಪಿ ಕಾಯ್ದೆಯಡಿ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮೀಸಲಾದ ಕಾಮಗಾರಿಗಳಿಂದ ಬೆಳೆದ ಸಂಸ್ಥೆಯಾದರೆ, ಮಾಲೀಕತ್ವ ಬದಲಾದ ದಿನವೇ ಆ ಬಾಗಿಲು ಮುಚ್ಚಬಹುದು. ಆಗ ಹಿಂದಿನ ವಹಿವಾಟಿನ ಮೇಲೆ ಮುಂದಿನ ಆದಾಯವನ್ನು ಅಂದಾಜಿಸುವುದರಲ್ಲಿ ಅರ್ಥವಿಲ್ಲ.

ಕೈಯಲ್ಲಿ ಬೇಕಾದಷ್ಟು ಕೆಲಸವಿದೆ ಎಂದು ಮಾರುವವರು ಹೆಮ್ಮೆಯಿಂದ ಹೇಳುತ್ತಾರೆ. ಎಷ್ಟು ದೊಡ್ಡ ಹೊಸ ಕಾಮಗಾರಿಗೆ ಟೆಂಡರ್ ಹಾಕಬಹುದೆಂದು ತಿಳಿಸುವ ಟೆಂಡರ್ ಸಾಮರ್ಥ್ಯದ ಲೆಕ್ಕದಲ್ಲಿ ಮಾತ್ರ ಅದೇ ಕೆಲಸ ಕಳೆಯುವ ಅಂಕಿಯಾಗುತ್ತದೆ. ಒಂದು ವರ್ಷದಲ್ಲಿ ಮಾಡಿದ ಗರಿಷ್ಠ ಕೆಲಸದ ಮೊತ್ತವನ್ನು ಹೊಸ ಕಾಮಗಾರಿಯ ಅವಧಿಯಿಂದಲೂ ದಸ್ತಾವೇಜಿನಲ್ಲಿ ಕೊಟ್ಟಿರುವ ಗುಣಕದಿಂದಲೂ ಗುಣಿಸಿ, ಬಾಕಿ ಉಳಿದ ಕೆಲಸದ ಮೊತ್ತವನ್ನು ಕಳೆಯಲಾಗುತ್ತದೆ. ಗರಿಷ್ಠ ಕೆಲಸ 20 ಕೋಟಿ, ಅವಧಿ 1 ವರ್ಷ, ಗುಣಕ 1.5 ಎಂದಿಟ್ಟುಕೊಂಡರೆ 30 ಕೋಟಿ ಬರುತ್ತದೆ. ಅಪೂರ್ಣ ಕೆಲಸ 26 ಕೋಟಿಯಷ್ಟಿದ್ದರೆ ಉಳಿಯುವ ಸಾಮರ್ಥ್ಯ 4 ಕೋಟಿ ಮಾತ್ರ. ದೊಡ್ಡ ಟೆಂಡರ್ ಹಾಕುವ ಆಸೆಯಿಂದ ಸಂಸ್ಥೆಯನ್ನು ಕೊಂಡವರಿಗೆ ಇದು ತಡವಾಗಿ ತಿಳಿಯಬಾರದು.

ಇನ್ನು ಪ್ರಮಾಣಪತ್ರಗಳ ವಿಷಯ. ಒಬ್ಬರ ಪರವಾನಗಿಯಲ್ಲಿ ಟೆಂಡರ್ ಪಡೆದು, ಜಿಪಿಎ (ತನ್ನ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಬರೆದುಕೊಟ್ಟು, ಇನ್ನೊಬ್ಬರಿಂದ ಕೆಲಸ ಮಾಡಿಸುವ ರೂಢಿ ಈ ವ್ಯವಹಾರ ಬಲ್ಲವರಿಗೆ ಹೊಸದಲ್ಲ. ಅಂಥ ಕಾಮಗಾರಿಯ ಅನುಭವ ಕಾಗದದಲ್ಲಿರುತ್ತದೆ, ಎಂಜಿನಿಯರುಗಳೂ ಮೇಸ್ತ್ರಿಗಳೂ ಬೇರೆಯವರ ಜೊತೆಗಿರುತ್ತಾರೆ, ಕಳಪೆಯ ಹೊಣೆ ಮಾತ್ರ ಪರವಾನಗಿದಾರನ ಮೇಲಿರುತ್ತದೆ. ಇದನ್ನು ಪತ್ತೆಹಚ್ಚಲು ಪ್ರತಿ ಕಾಮಗಾರಿಯ ಬಿಲ್ ಹಣ ಯಾವ ಖಾತೆಗೆ ಬಂದು ಎಷ್ಟು ದಿನದಲ್ಲಿ ಎಲ್ಲಿಗೆ ಹೋಯಿತು ಎಂಬುದನ್ನು ಬ್ಯಾಂಕ್ ವಿವರದಲ್ಲಿ ಹಿಂಬಾಲಿಸಬೇಕು. ಹಣ ಬಂದ ವಾರದೊಳಗೆ ಸಣ್ಣ ಮೊತ್ತವನ್ನಷ್ಟೇ ಉಳಿಸಿಕೊಂಡು ಮಿಕ್ಕಿದ್ದೆಲ್ಲ ಒಬ್ಬರಿಗೇ ವರ್ಗವಾಗಿದ್ದರೆ ಬೇರೆ ಸಾಕ್ಷ್ಯ ಹುಡುಕುವ ಅಗತ್ಯ ಅಷ್ಟಾಗಿ ಇರುವುದಿಲ್ಲ. ವಹಿವಾಟನ್ನು ಲೆಕ್ಕಪರಿಶೋಧಕರ ಪ್ರಮಾಣಪತ್ರದಿಂದ ಮಾತ್ರ ನಂಬದೆ, ಇಲಾಖೆಗಳು ಕಡಿತ ಮಾಡಿದ ಆದಾಯ ತೆರಿಗೆಯನ್ನು ತೋರಿಸುವ ನಮೂನೆ 26ಎಎಸ್ ಜೊತೆಗೂ, 2018ರ ಅಕ್ಟೋಬರ್‌ನಿಂದ ಬಿಲ್‌ಗಳಲ್ಲಿ ಶೇ. 2ರಂತೆ ಕಡಿತವಾಗುತ್ತಿರುವ ಜಿಎಸ್‌ಟಿ ಟಿಡಿಎಸ್ ವಿವರದ ಜೊತೆಗೂ ತಾಳೆ ನೋಡಬೇಕು.

ಆಸ್ತಿಪಟ್ಟಿಯಲ್ಲಿ 'ಬರಬೇಕಾದ ಬಾಕಿ' ಎಂದು ಕಾಣುವ ಮೊತ್ತವನ್ನು ಮೂರು ಪಾಲು ಮಾಡಿಕೊಳ್ಳುವುದು ಒಳ್ಳೆಯದು. ಮಾಡಿದ ಕೆಲಸವನ್ನು ಇಲಾಖೆ ಅಳೆದು ಬರೆಯುವ ಅಳತೆ ಪುಸ್ತಕದಲ್ಲಿ ದಾಖಲಾಗಿ ಬಿಲ್ ಮಂಜೂರಾದದ್ದು ತಡವಾದರೂ ಬರುತ್ತದೆ; ಆ ತಡದ ಬಡ್ಡಿಯನ್ನು ಬೆಲೆಯಲ್ಲಿ ಕಳೆಯಬೇಕು. ಅಳತೆಯಾಗಿ ಅನುಮೋದನೆ ಸಿಗದ ಹೆಚ್ಚುವರಿ ಕೆಲಸ ಅನುಮಾನದ ಬಾಕಿ. ಇಲಾಖೆಯ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ (ಎಇಇ) ಬಾಯಿಮಾತಿನಲ್ಲಿ ಹೇಳಿದರೆಂದು ಮಾಡಿದ, ಅಳತೆ ಪುಸ್ತಕದಲ್ಲಿ ಕಾಣದ ಕೆಲಸಕ್ಕೆ ಬೆಲೆ ಕಟ್ಟಬಾರದು. ಕೇಂದ್ರ ಸಂಸ್ಥೆಗಳ ಕಾಮಗಾರಿಯಲ್ಲಿ ವ್ಯಾಜ್ಯವಿದ್ದರೆ ಕರಾರಿನ ಮಧ್ಯಸ್ಥಿಕೆ ಷರತ್ತನ್ನೂ ಓದಬೇಕು. ಮಧ್ಯಸ್ಥಿಕೆಯನ್ನು ಸಾಮಾನ್ಯವಾಗಿ 10 ಕೋಟಿಗಿಂತ ಕಡಿಮೆ ಮೊತ್ತದ ವ್ಯಾಜ್ಯಗಳಿಗೆ ಸೀಮಿತಗೊಳಿಸುವಂತೆ ಹಣಕಾಸು ಸಚಿವಾಲಯ 2024ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಟೆಂಡರ್ ಹಾಕದಂತೆ ನಿಷೇಧಿಸುವ ಕಪ್ಪುಪಟ್ಟಿಯ ವಿಷಯದಲ್ಲಿ ಆದೇಶವಿಲ್ಲ ಎಂಬ ಮಾತಿಗೆ ತೃಪ್ತರಾಗದೆ, ಬಂದಿರುವ ಕಾರಣ ಕೇಳುವ ನೋಟಿಸ್‌ಗಳನ್ನೆಲ್ಲ ತರಿಸಿಕೊಳ್ಳಬೇಕು. ಕಪ್ಪುಪಟ್ಟಿಗೆ ಸೇರಿಸುವ ಉದ್ದೇಶವು ನೋಟಿಸ್‌ನಿಂದಲೇ ಸ್ಪಷ್ಟವಾಗಬೇಕೆಂದು ಸುಪ್ರೀಂ ಕೋರ್ಟ್ 2014ರ ಗೂರ್ಖಾ ಸೆಕ್ಯುರಿಟಿ ಪ್ರಕರಣದಲ್ಲಿ ಹೇಳಿರುವುದರಿಂದ, ನೋಟಿಸ್‌ನ ಪದಗಳೇ ಅಪಾಯದ ಅಳತೆಯನ್ನು ತಿಳಿಸುತ್ತವೆ. ಕೇಂದ್ರದ 2021ರ ನವೆಂಬರ್ ಮಾರ್ಗಸೂಚಿಯಂತೆ ನಿಷೇಧವು ಒಂದೇ ಹಿಡಿತದಲ್ಲಿರುವ ಸಹಸಂಸ್ಥೆಗಳಿಗೂ ವ್ಯಾಪಿಸುತ್ತದೆ; ಅಂದರೆ ಕೊಂಡವರ ಮೂಲ ಕಂಪನಿಯ ಟೆಂಡರ್‌ಗಳಿಗೂ ಕುತ್ತು ಬರಬಹುದು. 2018ರ ತಿದ್ದುಪಡಿಯ ನಂತರ ಭ್ರಷ್ಟಾಚಾರ ತಡೆ ಕಾಯ್ದೆಯ 9ನೇ ಕಲಂ ಲಂಚದ ಹೊಣೆಯನ್ನು ವಾಣಿಜ್ಯ ಸಂಸ್ಥೆಯ ಮೇಲೂ ಹೊರಿಸುತ್ತದೆ. ಆದ್ದರಿಂದ ವಿವರಣೆಯಿಲ್ಲದ 'ಸೈಟ್ ಖರ್ಚು', 'ಇತರೆ' ಎಂಬ ನಗದು ನಮೂದುಗಳನ್ನು ಸಂಕೋಚ ಬಿಟ್ಟು ಕೇಳಬೇಕು.

ಷೇರುಗಳ ಬದಲು ವ್ಯವಹಾರವನ್ನಷ್ಟೇ ಕೊಂಡರೆ ಹಳೆಯ ಸಾಲ ಅಂಟುವುದಿಲ್ಲ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ: ಕೇಂದ್ರ ಜಿಎಸ್‌ಟಿ ಕಾಯ್ದೆಯ 85ನೇ ಕಲಂ ಪ್ರಕಾರ ವರ್ಗಾವಣೆಯ ದಿನದವರೆಗಿನ ತೆರಿಗೆ, ಬಡ್ಡಿ, ದಂಡಗಳಿಗೆ ಮಾರಿದವರೂ ಕೊಂಡವರೂ ಜಂಟಿಯಾಗಿ ಹೊಣೆಗಾರರು. ಕಾರ್ಮಿಕರ ಪಿಎಫ್ ಬಾಕಿ, ಕಟ್ಟಡ ಕಾರ್ಮಿಕರ ಸೆಸ್, ಮರಳು ಮತ್ತು ಜಲ್ಲಿಯ ರಾಜಧನಗಳ ರಸೀದಿಗಳನ್ನೂ ಇದೇ ಕಣ್ಣಿನಿಂದ ನೋಡಬೇಕು.

ಕೊನೆಗೆ ಗುತ್ತಿಗೆದಾರ ತಪ್ಪಿದರೆ ಇಲಾಖೆಗೆ ಹಣ ಕೊಡುವುದಾಗಿ ಬ್ಯಾಂಕ್ ಬರೆದುಕೊಟ್ಟ ಗ್ಯಾರಂಟಿಗಳ ಪಟ್ಟಿ ಮಾಡಿ, ಅವುಗಳ ಹಿಂದೆ ಹಳೆಯ ಮಾಲೀಕರ ಮನೆ, ಜಮೀನು ಅಡಮಾನವಿದ್ದರೆ ಅವರು ಅದನ್ನು ಬಿಡಿಸಿಕೊಂಡಾಗ ಬದಲಿ ಭದ್ರತೆ ಕೊಡುವವರು ಯಾರೆಂದು ಒಪ್ಪಂದದಲ್ಲೇ ಬರೆಯಬೇಕು. ಮುಗಿದ ಪ್ರತಿ ರಸ್ತೆ, ಕಟ್ಟಡ, ಕಾಲುವೆಯ ದೋಷ ಹೊಣೆಗಾರಿಕೆಯ ಅವಧಿ (ಹಾಳಾದರೆ ಗುತ್ತಿಗೆದಾರನೇ ಸರಿಪಡಿಸಬೇಕಾದ ಕಾಲ) ತೀರುವ ದಿನಾಂಕವನ್ನು ನಮೂದಿಸಿ, ಖರೀದಿ ಮೊತ್ತದ ಒಂದು ಭಾಗವನ್ನು ಎಸ್ಕ್ರೋ ಖಾತೆಯಲ್ಲಿ (ಷರತ್ತು ಪೂರೈಸುವವರೆಗೆ ಮೂರನೆಯವರ ಬಳಿ ಹಣ ಇಡುವ ಖಾತೆ) ತಡೆಹಿಡಿದು, ಒಂದೊಂದು ಅವಧಿ ತೀರಿ ಇಲಾಖೆ ಭದ್ರತಾ ಠೇವಣಿ ಮರಳಿಸಿದಂತೆ ಕಂತಿನಲ್ಲಿ ಬಿಡುಗಡೆ ಮಾಡಬೇಕು. ಮಳೆಗಾಲ ಕಳೆದ ಮೇಲೆ ಎಂಜಿನಿಯರ್ ಒಬ್ಬರನ್ನು ಕರೆದುಕೊಂಡು ಆ ರಸ್ತೆಗಳ ಮೇಲೆ ಒಮ್ಮೆ ಓಡಾಡಿದರೆ, ತಡೆಹಿಡಿಯಬೇಕಾದ ಮೊತ್ತ ಎಷ್ಟೆಂಬುದು ಗುಂಡಿಗಳ ಲೆಕ್ಕದಲ್ಲೇ ಸಿಗುತ್ತದೆ.